ಉದ್ದನೆಯ ಇಂಗ್ಲಿಷ್ ವಾಕ್ಯ ಬಿಡಿಸುವುದು ಹೇಗೆ?

‘ನೀಲಿ ಅಂಗಿ ತೊಟ್ಟ ಹುಡುಗ’ ಎನ್ನುವಾಗ ಕನ್ನಡದಲ್ಲಿ ವಿವರವೆಲ್ಲ ಮುಗಿದ ಮೇಲೆ ಹುಡುಗ ಬರುತ್ತಾನೆ. ಇಂಗ್ಲಿಷ್‌ನಲ್ಲಿ ಅವನೇ ಮೊದಲು, ಅಂಗಿ ಆಮೇಲೆ: ‘ದ ಬಾಯ್ ಹೂ ಈಸ್ ವೇರಿಂಗ್ ಅ ಬ್ಲೂ ಶರ್ಟ್’. ಕನ್ನಡ ಮಾಧ್ಯಮದ ಮಕ್ಕಳು ಉದ್ದನೆಯ ವಾಕ್ಯಗಳಲ್ಲಿ ತಡವರಿಸಲು ಈ ಅದಲುಬದಲೂ ಒಂದು ಕಾರಣ. ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸಿದರೆ ತೊಡಕು ಬಿಡುವುದಿಲ್ಲ. ಪದಗಳ ಗುಂಪು ವಾಕ್ಯದಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ಕೇಳುವುದನ್ನು ಕಲಿಸಬೇಕು.

ಮೊದಲು ಕ್ರಿಯಾಪದ ಹುಡುಕಬೇಕು. ಗುಂಪಿನೊಳಗೆ ಕರ್ತೃ ಮತ್ತು ಕಾಲಸೂಚಕ ಕ್ರಿಯಾಪದ ಇದ್ದರೆ ಅದು ಉಪವಾಕ್ಯ, ಅಂದರೆ ಕ್ಲಾಝ್, ಇಲ್ಲದಿದ್ದರೆ ಫ್ರೇಸ್. ‘ಇನ್ ಅ ಬ್ಲೂ ಶರ್ಟ್’ ಫ್ರೇಸ್, ‘ಹೂ ಈಸ್ ವೇರಿಂಗ್ ಅ ಬ್ಲೂ ಶರ್ಟ್’ ಕ್ಲಾಝ್. ಎರಡೂ ಹುಡುಗನ ಗುರುತು ಹೇಳುವುದರಿಂದ ಎರಡೂ ಅಡ್ಜೆಕ್ಟಿವ್ ಜಾತಿಯವೇ.

ಮುಂದಿನ ಹೆಜ್ಜೆ ಪ್ರಶ್ನೆ. ‘ಯಾವ’, ‘ಎಂಥ’ ಎಂಬುದಕ್ಕೆ ಉತ್ತರ ಸಿಕ್ಕರೆ ಅಡ್ಜೆಕ್ಟಿವ್. ‘ಯಾರು’, ‘ಏನು’ ಎಂಬುದಕ್ಕೆ ಸಿಕ್ಕರೆ ನೌನ್. ‘ಐ ನೋ ವೇರ್ ಶಿ ಲಿವ್ಸ್’. ಏನು ಗೊತ್ತು? ಅವಳ ಮನೆ ಎಲ್ಲಿ ಎಂಬುದು. ಇದು ನೌನ್ ಕ್ಲಾಝ್. ಅದರ ಜಾಗದಲ್ಲಿ ‘ದಿಸ್’ ಇಟ್ಟರೂ ವಾಕ್ಯ ನಿಲ್ಲುತ್ತದೆ. ‘ದ ಸ್ಟ್ರೀಟ್ ವೇರ್ ಶಿ ಲಿವ್ಸ್’ ಎಂದಾಗ ಅದೇ ಮೂರು ಪದಗಳು ಯಾವ ಬೀದಿ ಎಂದು ಹೇಳಿ ಅಡ್ಜೆಕ್ಟಿವ್ ಕ್ಲಾಝ್ ಆಗುತ್ತವೆ.

ನಿಜವಾದ ಕಗ್ಗಂಟು ‘ದಟ್’. ‘ದ ನ್ಯೂಸ್ ದಟ್ ಹಿ ಬ್ರಾಟ್’ ಮತ್ತು ‘ದ ನ್ಯೂಸ್ ದಟ್ ಸ್ಕೂಲ್ಸ್ ವರ್ ಕ್ಲೋಸ್ಡ್’ ನೋಡಲು ಅವಳಿಗಳಂತಿವೆ. ಇಲ್ಲಿ ಕನ್ನಡವೇ ನೆರವಿಗೆ ಬರುತ್ತದೆ. ಮೊದಲನೆಯದು ‘ಅವನು ತಂದ ಸುದ್ದಿ’, ಎರಡನೆಯದು ‘ಶಾಲೆಗಳು ಮುಚ್ಚಿವೆ ಎಂಬ ಸುದ್ದಿ’. ನ್ಯೂಸ್, ಫ್ಯಾಕ್ಟ್, ಐಡಿಯಾ ಮುಂತಾದ ಪದಗಳ ಜೊತೆ ‘ಎಂಬ’ ಬಂದರೆ ಅದು ನೌನ್ ಕ್ಲಾಝ್: ಸುದ್ದಿಯ ಒಳಗಿನ ವಿಷಯವನ್ನೇ ಹೇಳುತ್ತದೆ. ಅನುಮಾನ ಉಳಿದರೆ ‘ದಟ್’ ತೆಗೆದು ‘ವಿಚ್’ ಹಾಕಿ ನೋಡಬಹುದು. ಮೊದಲನೆಯದಕ್ಕೆ ಹೊಂದುತ್ತದೆ, ಎರಡನೆಯದಕ್ಕೆ ಹೊಂದದು.

ಇದು ತಿಳಿದರೆ ಸಾಮಾನ್ಯ ತಪ್ಪುಗಳನ್ನೂ ತಿದ್ದಿಕೊಳ್ಳಬಹುದು. ‘ಐ ಡೋಂಟ್ ನೋ ವೇರ್ ಈಸ್ ಹಿ’ ಎಂದು ಹಲವರು ಬರೆಯುತ್ತಾರೆ. ನೌನ್ ಕ್ಲಾಝ್ ಒಳಗೆ ಪ್ರಶ್ನೆಯ ಕ್ರಮ ಸಲ್ಲದು. ‘ವೇರ್ ಹಿ ಈಸ್’ ಸರಿ. ಇನ್ನೊಂದು ತಪ್ಪು ಏಕವಚನ, ಬಹುವಚನದ್ದು. ‘ದ ಬಾಕ್ಸ್ ಆಫ್ ಮ್ಯಾಂಗೋಸ್’ ನೌನ್ ಫ್ರೇಸ್. ಅದರಲ್ಲಿ ತಲೆಪದ, ಅಂದರೆ ಮುಖ್ಯ ಪದ, ಬಾಕ್ಸ್, ಆದ್ದರಿಂದ ಕ್ರಿಯಾಪದ ‘ಈಸ್’. ಮಾವು ಎಷ್ಟಿದ್ದರೂ ‘ಆರ್’ ಬರದು.

ಅಲ್ಪವಿರಾಮವನ್ನೂ ಹಗುರವಾಗಿ ಕಾಣುವಂತಿಲ್ಲ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು ಈಸ್ ಅ ಡಾಕ್ಟರ್’ ಎಂದರೆ ಅಣ್ಣತಮ್ಮಂದಿರು ಹಲವರಿದ್ದು, ಮಾತು ಮೈಸೂರಿನವನ ಬಗ್ಗೆ. ‘ಹೂ’ಗೆ ಮೊದಲು ಮತ್ತು ‘ಮೈಸೂರು’ ಆದ ಮೇಲೆ ಅಲ್ಪವಿರಾಮ ಬಿದ್ದರೆ, ಇರುವವನು ಒಬ್ಬನೇ, ಮೈಸೂರು ಬರೀ ಹೆಚ್ಚುವರಿ ಮಾಹಿತಿ.