ಟಿಸಿ ತೆಗೆಸುವ ಮೊದಲು

ತಂಗೀ, ನಿಮ್ಮಪ್ಪ ಹೋದ ಮೇಲೆ ಡಿಗ್ರಿ ಬಿಟ್ಟು ಇಳಕಲ್ಲಿನ ಸೀರೆ ಅಂಗಡಿಗೆ ಕೆಲಸಕ್ಕೆ ಹೋಗುತ್ತೇನೆ ಅಂದೆಯಂತೆ. ಅವ್ವನ ಮೇಲಿನ ಭಾರ ಕಂಡು ಹಾಗಂದಿದ್ದೀ, ಗೊತ್ತು. ಆದರೆ ಟಿಸಿ ತೆಗೆಸುವ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ.

ನಿನ್ನ ಆದಾಯ ಪ್ರಮಾಣ ಪತ್ರ ನಿಮ್ಮಪ್ಪ ಗ್ರಾನೈಟ್ ಕ್ವಾರಿಯಲ್ಲಿ ದುಡಿಯುತ್ತಿದ್ದಾಗ ಮಾಡಿಸಿದ್ದು. ಅದರ ಅವಧಿ 5 ವರ್ಷ. ಅವಧಿ ಇನ್ನೂ ಉಳಿದಿದೆಯಲ್ಲ ಎಂದು ಸ್ಕಾಲರ್‌ಶಿಪ್ಪಿಗೆ ಅದನ್ನೇ ಹಚ್ಚಿದರೆ, ಸರ್ಕಾರದ ಲೆಕ್ಕದಲ್ಲಿ ಅಪ್ಪನ ಪಗಾರ ಇನ್ನೂ ಮನೆಗೆ ಬರುತ್ತಲೇ ಇರುತ್ತದೆ. ಮನೆಯ ಸ್ಥಿತಿ ತಾನಾಗಿಯೇ ಕಚೇರಿಗೆ ತಿಳಿಯುವುದಿಲ್ಲ, ನಾವೇ ಹೋಗಿ ತಿಳಿಸಬೇಕು.

ಮರಣ ಪ್ರಮಾಣ ಪತ್ರ, ರೇಷನ್ ಕಾರ್ಡು, ಆಧಾರ್ ತೆಗೆದುಕೊಂಡು ನಾಡಕಚೇರಿಗೆ ಹೋಗು. ಕಂಪ್ಯೂಟರಿನಲ್ಲಿರುವ ಹಳೆಯ ಆದಾಯ ಪತ್ರವನ್ನೇ ಮತ್ತೆ ತೆಗೆದುಕೊಟ್ಟಾರು. ‘ದುಡಿಯೋರು ತೀರಿಕೊಂಡಾರ್ರೀ, ಹೊಸದಾಗಿ ವಿಚಾರಣೆ ಮಾಡಿ ಕೊಡ್ರಿ’ ಎಂದು ಬಾಯಿ ಬಿಟ್ಟು ಹೇಳು. ಗ್ರಾಮ ಆಡಳಿತಾಧಿಕಾರಿ ವಿಚಾರಿಸಿದಾಗ ಅವ್ವನ ಕೂಲಿ, ಹೊಲದ ಪೀಕು ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳಿರಿ. ಪಾಲು-ವಾಟ್ನಿ ಆಗಿ ಕಾಕಾನ ಹೊಲ ಬೇರೆಯಾಗಿದ್ದರೆ ಆ ಕಾಗದವನ್ನೂ ತೋರಿಸಿ. ಕಡಿಮೆ ಮಾಡಿ ಬರೆಸುವ ಆಸೆ ಮಾತ್ರ ಬೇಡ. ಸುಳ್ಳು ಪತ್ರ ಸಿಕ್ಕಿಬಿದ್ದರೆ ಬರುವುದೂ ಬರುವುದಿಲ್ಲ.

ಹೊಸ ಪತ್ರದ ಆರ್‌ಡಿ ಸಂಖ್ಯೆಯನ್ನು ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿಗೆ ಹಾಕು. ಈ ವರ್ಷದ ಅರ್ಜಿ ಆಗಲೇ ಹೋಗಿದ್ದರೆ, ತಾಲ್ಲೂಕಿನ ಹಿಂದುಳಿದ ವರ್ಗಗಳ ಕಲ್ಯಾಣ ಕಚೇರಿಯಲ್ಲಿ ತಿದ್ದುಪಡಿಗೆ ದಾರಿ ಕೇಳು. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗಿಷ್ಟು ಎಂದು 10 ತಿಂಗಳು ಊಟ-ವಸತಿಗೆ ಹಣ ಕೊಡುತ್ತಾರೆ, ಅದನ್ನೂ ಅಲ್ಲಿಯೇ ವಿಚಾರಿಸು. ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡು. ಅದಿಲ್ಲದೆ ಮಂಜೂರಾದ ಹಣವೂ ಕೈಸೇರದು.

ಇವೆಲ್ಲಕ್ಕೂ ಸಮಯ ಹಿಡಿಯುತ್ತದೆ, ಫೀ ಕಟ್ಟುವ ತಾರೀಖು ಕಾಯುವುದಿಲ್ಲ. ಅದಕ್ಕೇ ಪ್ರಾಂಶುಪಾಲರಿಗೆ ಇಂದೇ ಅರ್ಜಿ ಬರೆ. ನಾಲ್ಕು ಸಾಲು ಸಾಕು: ಯಾವಾಗ ಏನಾಯಿತು, ಈಗ ಮನೆಯಲ್ಲಿ ದುಡಿಯುವವರು ಯಾರು, ಈಗ ಎಷ್ಟು ಕಟ್ಟಬಲ್ಲೆ, ಉಳಿದದ್ದಕ್ಕೆ ಎಷ್ಟು ಕಂತು ಬೇಕು. ಕೆಳಗೆ ಅವ್ವನ ಸಹಿಯೂ ಇರಲಿ. ಕೊಟ್ಟ ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸಿಕ್ಕಾ ಹಾಕಿಸಿಕೋ. ಕ್ಲಾಸು ತಪ್ಪಿಸಬೇಡ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೂ ತೊಡಕು, ಸ್ಕಾಲರ್‌ಶಿಪ್ಪಿಗೂ ತೊಡಕು.

ಹೇಳಿಕೊಳ್ಳಲು ಸಂಕೋಚಪಟ್ಟು ಸುಮ್ಮನೆ ಮನೆಯಲ್ಲಿ ಕುಳಿತ ಎಷ್ಟೋ ಹುಡುಗಿಯರು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ನೀನು ಹಾಗಾಗಬಾರದು. ಸೋಮವಾರ ಮುಂಜಾನೆ ಅವ್ವನನ್ನು ಕರೆದುಕೊಂಡು ಹುನಗುಂದಕ್ಕೆ ಬಾ, ನಾಡಕಚೇರಿಗೆ ನಾನೂ ಬರುತ್ತೇನೆ.