ಊರೊಟ್ಟಿನ ಕೆಲಸ

ಹಾಸನದಿಂದ ಹೊಳೆನರಸೀಪುರದ ಕಡೆಗೆ ಸಾಗುವ ಹಾದಿಯ ಆಸುಪಾಸಿನಲ್ಲಿ ಮೊಸಳೆ ಎಂಬ ಚಿಕ್ಕ ಗ್ರಾಮವಿದೆ. ಊರು ಚಿಕ್ಕದಾದರೂ ಅಲ್ಲಿ ಹೊಯ್ಸಳರ ಕಾಲದ ಎರಡು ದೇವಾಲಯಗಳು ಅಕ್ಕಪಕ್ಕದಲ್ಲಿಯೇ ನಿಂತಿವೆ. ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. ಇಮ್ಮಡಿ ವೀರಬಲ್ಲಾಳನ ಆಳ್ವಿಕೆಯಲ್ಲಿ, ಸುಮಾರು 1200ರ ವೇಳೆಗೆ, ಬಳಪದ ಕಲ್ಲಿನಲ್ಲಿ ಇವುಗಳನ್ನು ಕಟ್ಟಲಾಯಿತು. ಎರಡಕ್ಕೂ ಒಂದೇ ಅಳತೆ, ಒಂದೇ ವಿನ್ಯಾಸ. ನಡುವೆ ಇರುವುದು ಕೆಲವೇ ಅಡಿಗಳ ಅಂತರ. ಶಿವನ ಗುಡಿ ದೊಡ್ಡದು, ವಿಷ್ಣುವಿನ ಗುಡಿ ಚಿಕ್ಕದು ಎನ್ನುವಂತಿಲ್ಲ. ಎರಡು ಮತಗಳು ಒಂದೇ ಅಂಗಳದಲ್ಲಿ ಸಮಾನವಾದ ಸ್ಥಾನವನ್ನು ಹಂಚಿಕೊಂಡ ಈ ದೃಶ್ಯವನ್ನು ಕಂಡವರಿಗೆ ಒಂದು ಪ್ರಶ್ನೆ ಸಹಜವಾಗಿ ಮೂಡುತ್ತದೆ: ಇಂಥ ಅಂಗಳದ ಸುತ್ತ ಬಾಳಿದ ಜನ ತಮ್ಮ ಊರಿನ ವ್ಯವಹಾರಗಳನ್ನು ಹೇಗೆ ನಡೆಸುತ್ತಿದ್ದರು?

ಈ ಪ್ರಶ್ನೆಗೆ ಉತ್ತರ ಹೇಳುವ ಕಲ್ಲುಗಳು ಹಾಸನ ಜಿಲ್ಲೆಯಲ್ಲಿ ಹೇರಳವಾಗಿವೆ. ಬಿ. ಎಲ್. ರೈಸ್ ಅವರು ಈ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1902ರಲ್ಲಿ ಪ್ರಕಟಿಸಿದರು. ಹಳೆಯ ಶಾಸನಗಳಲ್ಲಿ ಯುದ್ಧ ಮತ್ತು ದಾನಗಳ ವರ್ಣನೆಯಷ್ಟೇ ಅಲ್ಲ, ಕೆರೆ, ಕಾಲುವೆ, ಸಂತೆ, ಸುಂಕಗಳ ಮಾತೂ ಬರುತ್ತದೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಅದರ ದುರಸ್ತಿಯ ಹೊಣೆ ಹೊತ್ತವನಿಗೆ ಆ ಕೆರೆಯ ನೀರುಣ್ಣುವ ಭೂಮಿಯಲ್ಲಿ ಒಂದು ಭಾಗವನ್ನು ಬಿಟ್ಟುಕೊಡುವ ಪದ್ಧತಿಯಿತ್ತು. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳು ಇಂಥ ಕೊಡುಗೆಗಳನ್ನೇ ಸೂಚಿಸುತ್ತವೆ. ಕೆರೆಯನ್ನು ಕಟ್ಟಿದರೆ ಸಾಲದು, ಅದನ್ನು ವರ್ಷವರ್ಷವೂ ಕಾಪಾಡಬೇಕು ಎಂಬ ತಿಳಿವಳಿಕೆ ಈ ಏರ್ಪಾಟಿನ ಹಿಂದೆ ಇದ್ದಿತು.

ಕೆರೆ ಎಂಬುದು ಒಬ್ಬನಿಂದ ಉಳಿಯುವ ವಸ್ತುವಲ್ಲ. ಅದರ ಏರಿಯಲ್ಲಿ ಬಿರುಕು ಬಿಟ್ಟರೆ ಇಡೀ ಬಯಲಿಗೆ ಅಪಾಯ. ತೂಬು ಕೆಟ್ಟರೆ ನೀರು ಪೋಲಾಗುತ್ತದೆ. ಕೋಡಿ ಕಟ್ಟಿಕೊಂಡರೆ ಮಳೆಗಾಲದಲ್ಲಿ ಏರಿಯೇ ಒಡೆಯಬಹುದು. ಹೂಳು ತುಂಬಿದರೆ ಕೆರೆಯ ಒಡಲು ವರ್ಷೇವರ್ಷೇ ಕಿರಿದಾಗುತ್ತದೆ. ಆದುದರಿಂದ ಬೇಸಗೆಯಲ್ಲಿ ಊರವರು ಸೇರಿ ಹೂಳನ್ನು ತೆಗೆಯುತ್ತಿದ್ದರು. ಆ ಗೋಡುಮಣ್ಣು ಹೊಲಗಳಿಗೆ ಗೊಬ್ಬರವಾಗುತ್ತಿತ್ತು. ನೀರನ್ನು ಸರದಿಯ ಪ್ರಕಾರ ಗದ್ದೆಗಳಿಗೆ ಹಾಯಿಸಲು ನೀರುಗಂಟಿಯೆಂಬವನಿದ್ದ. ತೂಬಿನ ಬಳಿಯ ಗದ್ದೆಯವನು ಸಾಲುವಷ್ಟು ನೀರು ಪಡೆದ ಮೇಲೆ ಮಡೆಯನ್ನು ಮುಚ್ಚಿ, ಕೊನೆಯ ಗದ್ದೆಯವನಿಗೂ ನೀರು ಮುಟ್ಟುವಂತೆ ನೋಡುವುದು ಅವನ ಕೆಲಸ. ಊರಿನ ನೆಮ್ಮದಿ ಎಷ್ಟೋ ವೇಳೆ ಈ ಒಬ್ಬನ ನಿಷ್ಪಕ್ಷಪಾತವನ್ನು ಅವಲಂಬಿಸಿತ್ತು.

ನೀರುಗಂಟಿಯಂತೆಯೇ ಗೌಡ, ಶಾನುಭೋಗ, ತಳವಾರ, ತೋಟಿ, ಕಮ್ಮಾರ, ಬಡಗಿ, ಅಗಸ ಮುಂತಾದವರು ಊರಿನ ಸೇವೆಗೆ ನಿಯತರಾಗಿದ್ದರು. ಇವರಿಗೆ ಆಯಗಾರರೆಂದು ಹೆಸರು. ಸುಗ್ಗಿಯ ಕಾಲದಲ್ಲಿ ಕಣದಲ್ಲಿಯೇ ಇವರಿಗೆ ಧಾನ್ಯದ ಪಾಲನ್ನು ಅಳೆದು ಕೊಡಲಾಗುತ್ತಿತ್ತು.

ಒಂದು ಊರು ತನಗೆ ಬೇಕಾದುದನ್ನೆಲ್ಲ ತಾನೇ ಬೆಳೆಯಲಾರದು. ಊರುಗಳನ್ನು ಒಂದಕ್ಕೊಂದು ಬೆಸೆದದ್ದು ಸಂತೆ. ಇಂದಿಗೂ ಹಾಸನ ಆಲೂಗಡ್ಡೆಗೆ, ಚನ್ನರಾಯಪಟ್ಟಣದ ಸೀಮೆ ತೆಂಗಿಗೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಹೊಗೆಸೊಪ್ಪಿಗೆ ಹೆಸರಾಗಿವೆ. ಸಂತೆಗೆ ಹೋದವರು ಉಪ್ಪು, ಬಟ್ಟೆ, ದನಕರುಗಳನ್ನು ಮಾತ್ರ ತರುತ್ತಿರಲಿಲ್ಲ. ಸುದ್ದಿಯನ್ನೂ ತರುತ್ತಿದ್ದರು, ಹೆಣ್ಣುಗಂಡಿನ ಸಂಬಂಧಗಳನ್ನು ಕುದುರಿಸುತ್ತಿದ್ದರು, ಹಳೆಯ ಜಗಳಗಳನ್ನು ತೀರಿಸಿಕೊಳ್ಳುತ್ತಿದ್ದರು. ದೂರದ ಇಂಗ್ಲೆಂಡಿನಲ್ಲಿಯೂ ಇದೇ ಬಗೆಯ ಸಂತೆಪಟ್ಟಣಗಳಿವೆ. ಮಧ್ಯಯುಗದಲ್ಲಿ ಅಲ್ಲಿ ಅರಸನ ಸನ್ನದು ಪಡೆದು ವಾರದ ಸಂತೆಯನ್ನು ನಡೆಸುತ್ತಿದ್ದರು. ಇಲ್ಲಿಯ ಶಾಸನಗಳು ಸಂತೆಯ ಸುಂಕವನ್ನು ಧರ್ಮಕಾರ್ಯಗಳಿಗೆ ಬಿಟ್ಟುಕೊಟ್ಟುದನ್ನು ಹೇಳುತ್ತವೆ. ದೇಶ ಯಾವುದಾದರೂ ಜನ ಕೂಡುವ ಜಾಗದಲ್ಲಿ ಒಂದು ಕಟ್ಟಳೆ ಬೇಕು, ಆ ಕಟ್ಟಳೆಯನ್ನು ನಡೆಸುವವರೂ ಬೇಕು.

ಹಿಂದಿನ ಈ ವ್ಯವಸ್ಥೆಯಲ್ಲಿ ಮೆಚ್ಚತಕ್ಕದ್ದು ಬಹಳವಿದ್ದರೂ ಅದರ ಕೊರತೆಯನ್ನು ಮರೆಮಾಚಬಾರದು. ಊರಿನ ಕೆಲಸಕ್ಕೆ ಎಲ್ಲರ ರಟ್ಟೆಗಳೂ ಬೇಕಾಗಿದ್ದವು, ಊರಿನ ಮಾತಿಗೆ ಮಾತ್ರ ಎಲ್ಲರ ಬಾಯಿಯೂ ಬೇಕಾಗಿರಲಿಲ್ಲ. ಹೂಳು ಹೊತ್ತವನು ಪಂಚಾಯಿತಿಯ ಕಟ್ಟೆಯನ್ನು ಏರುವಂತಿರಲಿಲ್ಲ. ತಾನು ಅಗೆದ ಕೆರೆಯಲ್ಲಿಯೇ ಕೊಡವನ್ನು ಅದ್ದಲು ಹಿಂಜರಿಯಬೇಕಾದವರು ಊರ ಹೊರಗಿನ ಕೇರಿಗಳಲ್ಲಿದ್ದರು. ದಿನವೂ ನೀರು ಹೊರುವ ಹೆಂಗಸನ್ನು ಬಾವಿ ಎಲ್ಲಿರಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಗೌಡಿಕೆಯೂ ಶಾನುಭೋಗಿಕೆಯೂ ತಂದೆಯಿಂದ ಮಗನಿಗೆ ಬರುತ್ತಿದ್ದವು. ಆ ಮನೆಯಲ್ಲಿ ಹುಟ್ಟಿದವನು ನ್ಯಾಯವಂತನಾದರೆ ಊರಿನ ಪುಣ್ಯ, ಇಲ್ಲವಾದರೆ ಊರಿನ ಹಣೆಬರಹ!

ಈ ಸ್ಥಿತಿ ಒಂದೇ ದಿನದಲ್ಲಿ ಬದಲಾಗಲಿಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅದರಲ್ಲಿ ಮೊದಲು ಸ್ಥಾನ ದೊರೆತದ್ದು ಭೂಮಾಲೀಕರಿಗೆ ಮತ್ತು ವರ್ತಕರಿಗೆ. ಸ್ವಾತಂತ್ರ್ಯ ಬಂದ ಮೇಲೆ 1959ರಲ್ಲಿ ಗ್ರಾಮ ಪಂಚಾಯಿತಿಗಳ ಕಾನೂನು ರೂಪುಗೊಂಡಿತು. 1961ರ ಕಾನೂನು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿತು. 1983ರ ಕಾನೂನಿನಂತೆ 1987ರಲ್ಲಿ ಚುನಾವಣೆಗಳು ನಡೆದು ಮಂಡಲ ಪಂಚಾಯಿತಿಗಳು ಏರ್ಪಟ್ಟವು. ನಾಲ್ಕರಲ್ಲಿ ಒಂದು ಪಾಲಿನ ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಇದಕ್ಕಾಗಿ ಶ್ರಮಿಸಿದ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಹಳ್ಳಿಹಳ್ಳಿಗೂ ಕುಡಿಯುವ ನೀರು ಒದಗಿಸಲು ಮುಂದಾದುದರಿಂದ ಜನ ಅವರನ್ನು ಪ್ರೀತಿಯಿಂದ ನೀರ್ ಸಾಬ್ ಎಂದು ಕರೆದರು. 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮಸಭೆಗೆ ಗಟ್ಟಿಯಾದ ನೆಲೆಯನ್ನು ಕೊಟ್ಟಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗಗಳವರಿಗೂ ಹಿಂದುಳಿದ ವರ್ಗಗಳವರಿಗೂ ಸ್ಥಾನಗಳು ಮೀಸಲಾದವು. ಮಹಿಳೆಯರ ಪಾಲು ಮೊದಲು ಮೂರರಲ್ಲೊಂದಿದ್ದು, 2010ರಲ್ಲಿ ಅರ್ಧಕ್ಕೆ ಏರಿತು.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಜನರು ಆರಿಸಿದ ಗ್ರಾಮಸಮಿತಿಗಳು ಏರ್ಪಟ್ಟದ್ದು 1894ರ ಕಾನೂನಿನಿಂದ. ಆ ಸಮಿತಿಗಳಿಗೆ ಹೆಂಗಸರೂ ಆರಿಸಿ ಬರಬಹುದಾಗಿತ್ತು. ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತ ನೀಡುವ ಹಕ್ಕು ಅವರಿಗೆ ದೊರೆತದ್ದಾದರೋ 1918ರಲ್ಲಿ, ಅದೂ ಎಲ್ಲರಿಗೂ ಅಲ್ಲ. ದೊಡ್ಡ ಸಭೆಯ ಬಾಗಿಲು ತೆರೆಯುವ ಮುನ್ನವೇ ಊರಿನ ಸಭೆಯ ಬಾಗಿಲು ತೆರೆದಿತ್ತು ಎಂಬುದು ಗಮನಿಸತಕ್ಕ ಸಂಗತಿ.

ಗ್ರಾಮಸಭೆಯೆಂದರೆ ಆರಿಸಿ ಬಂದ ಸದಸ್ಯರ ಕೂಟವಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರೇ. ಮನೆಯಿಲ್ಲದವರಲ್ಲಿ ಯಾರಿಗೆ ಮೊದಲು ಮನೆ ಕೊಡಬೇಕು, ಯಾವ ಬೀದಿಗೆ ಚರಂಡಿ ಬೇಕು, ಬಂದ ಹಣ ಎಲ್ಲಿ ವೆಚ್ಚವಾಯಿತು ಎಂದು ಕೇಳುವ ಅಧಿಕಾರ ಅವರಿಗಿದೆ. ಕೊಳಾಯಿಗೆ ನೀರು ಬಾರದ ಕೇರಿಯ ಒಬ್ಬ ಹೆಂಗಸು ಸಭೆಯಲ್ಲಿ ಎದ್ದುನಿಂತು ಅದನ್ನು ಹೇಳಿದರೆ, ಆ ಮಾತು ನಡವಳಿಯ ಪುಸ್ತಕದಲ್ಲಿ ದಾಖಲಾಗಬೇಕು. ಅವಳ ಅಜ್ಜಿಗೆ ಈ ಅವಕಾಶವಿರಲಿಲ್ಲ.

ಆದರೆ ಅವಕಾಶವಿದ್ದ ಮಾತ್ರಕ್ಕೆ ಕೆಲಸವಾಗದು. ಸಭೆಯ ದಿನ ಊರವರು ತಮ್ಮ ತಮ್ಮ ಕೆಲಸಗಳಿಗೆ ಹೊರಟುಹೋದರೆ, ಖಾಲಿ ಜಮಖಾನದ ಮುಂದೆ ಕುಳಿತ ನಾಲ್ವರ ತೀರ್ಮಾನವೇ ಊರಿನ ತೀರ್ಮಾನವಾಗುತ್ತದೆ. ಪಂಚಾಯಿತಿಯ ಕೆಲಸ ತನ್ನದಲ್ಲವೆಂದು ಪ್ರತಿಯೊಬ್ಬನೂ ಭಾವಿಸಿದರೆ, ಹೂಳೆತ್ತುವವರಿಲ್ಲದ ಕೆರೆಯ ಗತಿಯೇ ಅದಕ್ಕೂ ಒದಗುತ್ತದೆ. ಹೂಳು ಒಂದು ದಿನದಲ್ಲಿ ತುಂಬುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ನೀರು ಬತ್ತಿದ ದಿನ ಮಾತ್ರ ಅದು ಕಾಣಿಸುತ್ತದೆ.

ಮೊಸಳೆಯ ಎರಡು ಗುಡಿಗಳು ಎಂಟು ನೂರು ವರ್ಷಗಳಿಂದ ಸಮಾನ ಎತ್ತರದಲ್ಲಿ ನಿಂತಿವೆ. ಕಲ್ಲಿಗೆ ಆ ಸಮಾನತೆಯನ್ನು ಒಮ್ಮೆ ಕೊಟ್ಟರೆ ಸಾಕು, ಅದು ಉಳಿಯುತ್ತದೆ. ಮನುಷ್ಯರ ನಡುವಿನ ಸಮಾನತೆ ಹಾಗಲ್ಲ. ಕೆರೆಯ ಏರಿಯನ್ನು ಭದ್ರಪಡಿಸುವಂತೆ ಅದನ್ನು ವರ್ಷವರ್ಷವೂ ಭದ್ರಪಡಿಸಬೇಕು. ಅದೇ ಊರೊಟ್ಟಿನ ಕೆಲಸಗಳಲ್ಲೆಲ್ಲ ಮೊದಲನೆಯ ಕೆಲಸ.

ಅಭ್ಯಾಸ

1. ಮೊಸಳೆಯ ಎರಡು ದೇವಾಲಯಗಳ ವಿಶೇಷವೇನು?
2. ನೀರುಗಂಟಿಯ ಕೆಲಸವನ್ನು ವಿವರಿಸಿ.
3. ಹಿಂದಿನ ಗ್ರಾಮವ್ಯವಸ್ಥೆಯ ಕೊರತೆಗಳು ಯಾವುವು?
4. ‘ಹೂಳು ಒಂದು ದಿನದಲ್ಲಿ ತುಂಬುವುದಿಲ್ಲ’ – ಈ ಮಾತು ಗ್ರಾಮಸಭೆಗೆ ಹೇಗೆ ಅನ್ವಯಿಸುತ್ತದೆ?
5. ನಿಮ್ಮ ಊರಿನ ಗ್ರಾಮಸಭೆಗೆ ಹೋಗಿ, ಅಲ್ಲಿ ನಡೆದ ಚರ್ಚೆಯನ್ನು ಕುರಿತು ಒಂದು ಪುಟದಷ್ಟು ಬರೆಯಿರಿ.