ಪ್ರವಾಸಿಯ ಚೀಲ, ನಿವಾಸಿಯ ಲೆಕ್ಕ

ದೀರ್ಘ ಪ್ರವಾಸ ಮುಗಿಸಿ ಮನೆಗೆ ಮರಳಿದವರನ್ನು ಕೆಲವು ದಿನಗಳ ಕಾಲ ಆವರಿಸುವ ಮಂಕನ್ನು ರೋಗವೆಂದು ಕರೆಯಲಾಗದಿದ್ದರೂ, ಅದು ಕುಟುಂಬದ ಹಣಕಾಸಿನ ಮೇಲೆ ಬೀರುವ ಪ್ರಭಾವವನ್ನು ಲಘುವಾಗಿ ಕಾಣುವಂತಿಲ್ಲ. ಏಕೆಂದರೆ ನಗರದ ಮಧ್ಯಮವರ್ಗದ ಅನೇಕ ಮನೆಗಳಲ್ಲಿ ವಿದೇಶಕ್ಕೆ ಹೋಗಿ ನೆಲೆಸುವ ಯೋಚನೆ ಮೊದಲ ಬಾರಿಗೆ ಮಾತಾಗಿ ಹೊರಬರುವುದು ಇದೇ ದಿನಗಳಲ್ಲಿ. ಅಲ್ಲಿನ ಸಂಬಳವನ್ನು ರೂಪಾಯಿಗೆ ಪರಿವರ್ತಿಸಿ ನೋಡುವುದು, ಇರುವ ನಿವೇಶನ ಮಾರಿದರೆ ಎಷ್ಟು ಬಂದೀತೆಂದು ವಿಚಾರಿಸುವುದು, ವೀಸಾ ಸಲಹೆಗಾರರಿಗೆ ಮುಂಗಡ ಕೊಡುವುದು ಇವೆಲ್ಲ ಮನಸ್ಸು ಇನ್ನೂ ಪ್ರವಾಸದಲ್ಲೇ ಇರುವಾಗ ನಡೆಯುತ್ತವೆ, ಮತ್ತು ಅದೇ ವಾರಗಳಲ್ಲಿ ವಿದೇಶಿ ವ್ಯವಹಾರದ ಶುಲ್ಕವೂ ಸೇರಿದ ಕ್ರೆಡಿಟ್ ಕಾರ್ಡ್ ಬಿಲ್ಲು ಕೈಸೇರುವುದರಿಂದ ಬೇಸರಕ್ಕೆ ಆತಂಕವೂ ಕೂಡಿಕೊಳ್ಳುತ್ತದೆ.

ಇಂಥ ಕನಸಿಗೆ ಸ್ವಿಟ್ಜರ್‌ಲೆಂಡ್‌ಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಹಿಂದಿ ಚಲನಚಿತ್ರಗಳ ಮೂಲಕ ಎರಡು ತಲೆಮಾರುಗಳ ಭಾರತೀಯರಿಗೆ ಪರಿಚಿತವಾದ ಆ ದೇಶದ ಇಂಟರ್‌ಲಾಕೆನ್ ಪಟ್ಟಣದಲ್ಲಿ ನಿರ್ದೇಶಕ ಯಶ್ ಚೋಪ್ರಾ ಅವರ ಪ್ರತಿಮೆಯೇ ಇದೆ. ಬೆಂಗಳೂರಿನಿಂದ ಏಪ್ರಿಲ್, ಮೇ ತಿಂಗಳ ಶಾಲಾ ರಜೆಯಲ್ಲಿ ಹೊರಡುವ ಯೂರೋಪ್ ಪ್ರವಾಸಗಳಲ್ಲಿ ಲುಸರ್ನ್ ಸರೋವರ ಮತ್ತು 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣ ತಪ್ಪುವುದೇ ಇಲ್ಲ. ಈ ಲೇಖಕಿಯ ಕುಟುಂಬವೂ ಅಂಥ ಪ್ರವಾಸದಿಂದ ಮರಳಿದ ಮೇಲೆ ಅಲ್ಲಿಗೇ ಹೋಗಿ ನೆಲೆಸುವ ಮಾತನ್ನು ತಿಂಗಳುಗಟ್ಟಲೆ ಆಡಿತು, ಮತ್ತು ಆ ಮಾತನ್ನು ತಳ್ಳಿಹಾಕುವುದಕ್ಕೆ ಬದಲಾಗಿ ಸಾಲುಸಾಲಾಗಿ ಲೆಕ್ಕಕ್ಕಿಳಿಸಿ ನೋಡಿತು. ಮುಂದಿನ ವಿವರಗಳು ಬಹುಮಟ್ಟಿಗೆ ಆ ಲೆಕ್ಕದ ಪುಸ್ತಕದಿಂದಲೇ ಬಂದವು.

ಲೆಕ್ಕಕ್ಕೆ ಮೊದಲು ಮನಸ್ಸಿನ ವಿಷಯವನ್ನು ನೋಡಬೇಕು. ನೆದರ್‌ಲೆಂಡ್ಸ್‌ನ 1,530 ವಯಸ್ಕರನ್ನು ಕುರಿತು ಯೆರೂನ್ ನವೈನ್ ಮತ್ತು ಸಹಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರವಾಸಕ್ಕೆ ಹೋಗುವವರು ಹೊರಡುವ ಮೊದಲು ಇತರರಿಗಿಂತ ಹೆಚ್ಚು ಸಂತೋಷವಾಗಿದ್ದರೂ, ಮರಳಿದ ಮೇಲೆ ಬಹುಪಾಲು ಜನರಲ್ಲಿ ಆ ಅಂತರ ಉಳಿಯಲಿಲ್ಲವೆಂದೂ, ತುಂಬ ನಿರಾಳವಾದ ರಜೆ ಕಳೆದವರಲ್ಲಿ ಮಾತ್ರ ಅದರ ಫಲ ಸ್ವಲ್ಪ ಕಾಲ ಕಂಡಿತೆಂದೂ ತಿಳಿದುಬಂದಿತು. ಇದಕ್ಕಿಂತ ಮುಖ್ಯವಾದದ್ದು ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನೆಮನ್ ಅವರು 1998ರಲ್ಲಿ ಪ್ರಕಟಿಸಿದ ಅಧ್ಯಯನ: ಅಮೆರಿಕದ ಮಧ್ಯಪಶ್ಚಿಮ ಭಾಗದ ಮತ್ತು ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳು ತಮ್ಮ ಬದುಕಿನ ಬಗ್ಗೆ ಹೇಳಿಕೊಂಡ ತೃಪ್ತಿ ಹೆಚ್ಚುಕಡಿಮೆ ಸಮನಾಗಿದ್ದರೂ, ಕ್ಯಾಲಿಫೋರ್ನಿಯಾದವರೇ ಹೆಚ್ಚು ಸುಖಿಗಳಾಗಿರಬೇಕೆಂದು ಎರಡೂ ಕಡೆಯವರು ಊಹಿಸಿದ್ದರು. ಎರಡು ಊರುಗಳನ್ನು ಹೋಲಿಸುವಾಗ ಕಣ್ಣಿಗೆ ಬೀಳುವ ವ್ಯತ್ಯಾಸಕ್ಕೆ, ಅಂದರೆ ಹವೆಗೋ ಬೆಟ್ಟಕ್ಕೋ, ದಿನನಿತ್ಯದ ಬದುಕಿನಲ್ಲಿ ಅದಕ್ಕಿರುವ ತೂಕಕ್ಕಿಂತ ಹೆಚ್ಚಿನ ತೂಕ ಕೊಟ್ಟುಬಿಡುವ ಈ ಪ್ರವೃತ್ತಿಯನ್ನು ಅವರು ಕೇಂದ್ರೀಕರಣದ ಭ್ರಮೆಯೆಂದು ಗುರುತಿಸಿದರು. ವಲಸೆಯ ಕನಸಿನಲ್ಲಿ ಈ ಭ್ರಮೆಗೆ ಹಣದ ರೂಪವೂ ಇದೆ: ಪ್ರವಾಸಿ ನೋಡಿದ್ದು ಖರ್ಚನ್ನು ಮಾತ್ರ, ಕಡಿತಗಳನ್ನಲ್ಲ. ಮದುವೆಯ ಊಟವನ್ನು ಉಂಡು ಆ ಮನೆಯ ತಿಂಗಳ ದಿನಸಿ ಲೆಕ್ಕವನ್ನು ಅಂದಾಜು ಮಾಡಿದಂತೆ, ಅಲ್ಲಿನ ಹೋಟೆಲು, ರೈಲು ಮತ್ತು ಕಾಫಿಯ ಬೆಲೆಯಿಂದ ಅಲ್ಲಿನ ಬದುಕಿನ ಬೆಲೆಯನ್ನು ಅಳೆಯಲಾಗುತ್ತದೆ.

ನಿವಾಸಿಯ ಲೆಕ್ಕ ಆರಂಭವಾಗುವುದು ಆರೋಗ್ಯ ವಿಮೆಯಿಂದ. ಸ್ವಿಟ್ಜರ್‌ಲೆಂಡ್‌ಗೆ ವಾಸಕ್ಕೆ ಬಂದ ಪ್ರತಿಯೊಬ್ಬರೂ ಮೂರು ತಿಂಗಳೊಳಗೆ ಕಡ್ಡಾಯವಾಗಿ ಮೂಲ ವಿಮೆ ಮಾಡಿಸಬೇಕು. ಭಾರತದಲ್ಲಿ ಐಟಿ ಕಂಪನಿಗಳ ನೌಕರರಿಗೆ ಅಭ್ಯಾಸವಾಗಿರುವಂತೆ ಉದ್ಯೋಗದಾತರು ಅದನ್ನು ಕಟ್ಟುವುದಿಲ್ಲ, ಇಡೀ ಕುಟುಂಬಕ್ಕೆ ಒಂದೇ ಪಾಲಿಸಿ ಎಂಬುದೂ ಅಲ್ಲಿಲ್ಲ, ಮತ್ತು ಆ ಕಂತು ಆದಾಯವನ್ನು ಅವಲಂಬಿಸಿಲ್ಲ. 2025ರಲ್ಲಿ ವಯಸ್ಕರೊಬ್ಬರ ಸರಾಸರಿ ಕಂತು ತಿಂಗಳಿಗೆ ಸುಮಾರು 449 ಫ್ರಾಂಕ್ ಇತ್ತು. ಅದೇ ವರ್ಷ ಫ್ರಾಂಕಿನ ಬೆಲೆ 100 ರೂಪಾಯಿ ದಾಟಿತೆಂಬುದನ್ನು ಗಮನಿಸಿದರೆ, ಗಂಡಹೆಂಡತಿಯರಿಬ್ಬರ ವಿಮೆಗೇ ತಿಂಗಳಿಗೆ 90,000 ರೂಪಾಯಿಯಷ್ಟು ಬೇಕು. ಇಷ್ಟು ಕಟ್ಟಿದ ಮೇಲೂ ವರ್ಷದ ಮೊದಲ ಒಂದಿಷ್ಟು ಚಿಕಿತ್ಸಾವೆಚ್ಚವನ್ನು ವಿಮೆದಾರರೇ ಭರಿಸಬೇಕು. ಫ್ರಾನ್‌ಷೈಸ್ ಎಂದು ಕರೆಯಲಾಗುವ ಈ ಮೊತ್ತವನ್ನು ವಯಸ್ಕರು 300ರಿಂದ 2,500 ಫ್ರಾಂಕ್‌ಗಳ ನಡುವಿನ ನಿಗದಿತ ಹಂತಗಳಲ್ಲಿ ಆರಿಸಿಕೊಳ್ಳುತ್ತಾರೆ, ಹೆಚ್ಚಿನದನ್ನು ಆರಿಸಿಕೊಂಡಷ್ಟೂ ಕಂತು ಇಳಿಯುತ್ತದೆ. ಅದು ಮುಗಿದ ಮೇಲೂ ಬಿಲ್ಲಿನ ಶೇ 10ರಷ್ಟನ್ನು ವರ್ಷಕ್ಕೆ 700 ಫ್ರಾಂಕ್ ಮಿತಿಯವರೆಗೆ ಕೊಡುತ್ತಲೇ ಇರಬೇಕಾಗುತ್ತದೆ. ಸಾಮಾನ್ಯ ಹಲ್ಲಿನ ಚಿಕಿತ್ಸೆ ಮೂಲ ವಿಮೆಯಲ್ಲಿ ಸೇರಿಲ್ಲ. ಪ್ರವಾಸಿಯು ಅಗ್ಗದ ಪ್ರಯಾಣ ವಿಮೆಯೊಂದನ್ನು ಕೊಂಡು ಈ ಇಡೀ ವ್ಯವಸ್ಥೆಯ ಪಕ್ಕದಲ್ಲಿ ನಡೆದು ಬಂದಿರುತ್ತಾರೆ, ಅದು ಅಲ್ಲಿದೆಯೆಂಬ ಸುಳಿವೂ ಸಿಕ್ಕಿರುವುದಿಲ್ಲ.

ಉಳಿದ ಕಡಿತಗಳು ಚಿಕ್ಕವು, ಆದರೆ ಅನೇಕ. ಶಾಶ್ವತ ವಾಸದ ಪರವಾನಗಿ ಇಲ್ಲದ ವಿದೇಶಿ ನೌಕರರ ಆದಾಯ ತೆರಿಗೆಯನ್ನು ಸಂಬಳದ ಮೂಲದಲ್ಲೇ ಹಿಡಿಯಲಾಗುತ್ತದೆ. ಒಕ್ಕೂಟ, ಕ್ಯಾಂಟನ್ ಎಂಬ ಪ್ರಾಂತ್ಯ ಮತ್ತು ಊರಿನ ಆಡಳಿತ ಮೂರೂ ತೆರಿಗೆ ವಿಧಿಸುವುದರಿಂದ ಒಂದೇ ಸಂಬಳ ಎರಡು ಊರುಗಳಲ್ಲಿ ಬೇರೆಬೇರೆಯಾಗಿ ಕೈಗೆ ಬರುತ್ತದೆ. ಟೀವಿ ಇರಲಿ ಬಿಡಲಿ, ಪ್ರಸಾರ ಶುಲ್ಕವೆಂದು ಪ್ರತಿ ಮನೆಯೂ 2021ರಿಂದ ವರ್ಷಕ್ಕೆ 335 ಫ್ರಾಂಕ್ ಕಟ್ಟುತ್ತಿದೆ. ಬಹುತೇಕ ಊರುಗಳಲ್ಲಿ ಕಸ ಹಾಕುವ ಚೀಲದ ಬೆಲೆಯಲ್ಲೇ ವಿಲೇವಾರಿ ಶುಲ್ಕ ಸೇರಿರುತ್ತದೆ. ಬಾಡಿಗೆಯ ವಿಷಯದಲ್ಲಿ ಮಾತ್ರ ಬೆಂಗಳೂರಿನವರಿಗೆ ಒಂದು ಸಮಾಧಾನವಿದೆ: ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವ ಪದ್ಧತಿಗೆ ಒಗ್ಗಿದವರಿಗೆ, ಅಲ್ಲಿನ ಕಾನೂನು ವಾಸದ ಮನೆಯ ಠೇವಣಿಗೆ ಮೂರು ತಿಂಗಳ ಮಿತಿ ಹಾಕಿರುವುದು ಮತ್ತು ಆ ಹಣ ಬಾಡಿಗೆದಾರರ ಹೆಸರಿನ ಬ್ಯಾಂಕ್ ಖಾತೆಯಲ್ಲೇ ಇರುವುದು ನ್ಯಾಯವಾಗಿ ಕಾಣುತ್ತದೆ, ಮತ್ತು ಅದು ನಿಜಕ್ಕೂ ನ್ಯಾಯವೇ.

ಪ್ರವಾಸದಲ್ಲಿ ಕಂಡ ಬಿಡುವು ಆ ದೇಶದ ಗುಣವೋ ಪ್ರವಾಸದ ಗುಣವೋ ಎಂಬುದನ್ನೂ ಪರಿಶೀಲಿಸಬೇಕಾಗುತ್ತದೆ. ಸ್ವಿಸ್ ಕಾನೂನು ಕೊಡುವ ಕನಿಷ್ಠ ವೇತನಸಹಿತ ರಜೆ ವರ್ಷಕ್ಕೆ ನಾಲ್ಕು ವಾರ. ಅದನ್ನು ಆರು ವಾರಕ್ಕೆ ಏರಿಸುವ ಪ್ರಸ್ತಾವ 2012ರ ಮಾರ್ಚ್‌ನಲ್ಲಿ ಜನಮತಕ್ಕೆ ಬಂದಾಗ, ಉದ್ಯಮಗಳ ಮೇಲೆ ಹೊರೆ ಬಿದ್ದೀತೆಂಬ ವಾದಕ್ಕೆ ಓಗೊಟ್ಟು ಸುಮಾರು ಮೂರನೆಯ ಎರಡು ಭಾಗ ಮತದಾರರು ಅದನ್ನು ತಿರಸ್ಕರಿಸಿದರು. ಕಚೇರಿ ಮತ್ತು ಕಾರ್ಖಾನೆಗಳಲ್ಲಿ ವಾರಕ್ಕೆ 45 ಗಂಟೆಗಳವರೆಗೆ ದುಡಿಸಿಕೊಳ್ಳಲು ಅಲ್ಲಿ ಅವಕಾಶವಿದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ಪ್ರತಿ 20 ದಿನಗಳ ಕೆಲಸಕ್ಕೆ ಒಂದು ದಿನದ ಗಳಿಕೆ ರಜೆ ಕೊಡುತ್ತದೆಂಬುದನ್ನು ನೆನೆದರೆ ವ್ಯತ್ಯಾಸವಿಲ್ಲವೆಂದಲ್ಲ, ಆದರೆ ಅದು ಕನಸು ಕಾಣಿಸಿದಷ್ಟು ದೊಡ್ಡದಲ್ಲ; ಸರೋವರದ ದಂಡೆಯಲ್ಲಿ ಬುಧವಾರದ ಮಧ್ಯಾಹ್ನ ಕುಳಿತವರಲ್ಲಿ ಬಹುಪಾಲು ಜನರು ಅಲ್ಲಿನ ನೌಕರರಾಗಿರಲಿಕ್ಕಿಲ್ಲ.

ಬಯಕೆಯೊಂದೇ ಬಾಗಿಲು ತೆರೆಯುವುದೂ ಇಲ್ಲ. ಯೂರೋಪ್ ಒಕ್ಕೂಟ ಮತ್ತು ಅದರ ಜತೆಗಾರ ದೇಶಗಳ ಹೊರಗಿನವರಿಗೆ ಸ್ವಿಟ್ಜರ್‌ಲೆಂಡ್ ವರ್ಷಕ್ಕೆ 8,500 ಕೆಲಸದ ಪರವಾನಗಿಗಳನ್ನಷ್ಟೇ ಮೀಸಲಿಟ್ಟಿದ್ದು, ಒಳಗಿನ ಅಭ್ಯರ್ಥಿ ಸಿಗಲಿಲ್ಲವೆಂದು ಉದ್ಯೋಗದಾತರು ತೋರಿಸಿಕೊಡಬೇಕಾಗುತ್ತದೆ. ಸಂಗಾತಿ ಮತ್ತು 18 ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯಲು ಷರತ್ತುಗಳೊಡನೆ ಅವಕಾಶವಿದೆ. ತಂದೆತಾಯಿಯರ ವಿಷಯ ಹಾಗಿಲ್ಲ, ಮತ್ತು ಈ ಒಂದು ಸಂಗತಿ ಅನೇಕ ಕನ್ನಡ ಕುಟುಂಬಗಳ ಮಟ್ಟಿಗೆ ಉಳಿದೆಲ್ಲ ಅಂಕಿಗಳಿಗಿಂತ ಭಾರವಾದದ್ದು.

ವಲಸೆಯ ನಿಜವಾದ ಬೆಲೆ ಇರುವುದು ಕಾಲದಲ್ಲಿ. ಸ್ವಿಸ್ ಸರ್ಕಾರಿ ವೃದ್ಧಾಪ್ಯ ಪಿಂಚಣಿ ಪೂರ್ಣವಾಗಿ ಸಿಗಬೇಕಾದರೆ 44 ವರ್ಷ ವಂತಿಗೆ ಕಟ್ಟಿರಬೇಕು. ಬಿಟ್ಟುಹೋದ ಪ್ರತಿ ವರ್ಷಕ್ಕೂ ಪಿಂಚಣಿಯ ನಲವತ್ತನಾಲ್ಕನೆಯ ಒಂದು ಪಾಲು ಕಡಿತವಾಗುತ್ತದೆ. 40ನೆಯ ವಯಸ್ಸಿನಲ್ಲಿ ಹೋಗಿ 65ರವರೆಗೆ ದುಡಿದವರು ಕಟ್ಟುವುದು 25 ವರ್ಷ. 2025ರ ದರದಂತೆ ಗರಿಷ್ಠ ಪಿಂಚಣಿಯಾದ ತಿಂಗಳ 2,520 ಫ್ರಾಂಕ್‌ನಲ್ಲಿ ಅಂಥವರಿಗೆ ಹೆಚ್ಚೆಂದರೆ 1,432 ಫ್ರಾಂಕ್‌ನಷ್ಟು ದೊರೆಯುತ್ತದೆ, ಉದ್ಯೋಗದಾತರ ಮೂಲಕ ಕೂಡುವ ಎರಡನೆಯ ಪಿಂಚಣಿ ನಿಧಿಗೂ ವರ್ಷಗಳು ಕಡಿಮೆಯೇ ಆಗಿರುತ್ತವೆ. ಇತ್ತ ಭಾರತದಲ್ಲಿ ನೌಕರರ ಪಿಂಚಣಿ ಯೋಜನೆಯಡಿ ತಿಂಗಳ ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು; ಅನಿವಾಸಿಯಾದವರು ಹೊಸ ಪಿಪಿಎಫ್ ಖಾತೆ ತೆರೆಯುವಂತಿಲ್ಲ, ಇರುವುದನ್ನು 15 ವರ್ಷದ ಅವಧಿ ಮುಗಿದ ಮೇಲೆ ವಿಸ್ತರಿಸುವಂತಿಲ್ಲ; ಸಾಮಾನ್ಯ ಉಳಿತಾಯ ಖಾತೆಗಳನ್ನು ಎನ್‌ಆರ್‌ಒ ಎಂಬ ಅನಿವಾಸಿ ಖಾತೆಗಳಾಗಿ ಬದಲಾಯಿಸಬೇಕು. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾದರೂ, ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅನಿವಾಸಿಗಳು ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ, ವಾರಸಿನಿಂದ ಪಡೆಯಬಹುದಷ್ಟೆ. ನಿವೃತ್ತಿಯ ಹೊತ್ತಿಗೆ ಮಲೆನಾಡಿನಲ್ಲಿ ಒಂದಿಷ್ಟು ಜಮೀನು ಎಂಬ ಬಯಕೆಯನ್ನೂ ಜತೆಯಲ್ಲೇ ಸಾಕಿಕೊಂಡಿರುವವರು ಈ ಎರಡು ಕನಸುಗಳಲ್ಲಿ ಯಾವುದನ್ನು ಮೊದಲು ನಡೆಸಬೇಕೆಂದು ಹೊರಡುವ ಮುನ್ನವೇ ತೀರ್ಮಾನಿಸಬೇಕಾಗುತ್ತದೆ.

ಸಂಬಳವನ್ನು ವಿನಿಮಯ ದರದಿಂದ ಗುಣಿಸಿ ನೋಡುವ ಅಭ್ಯಾಸ ಈ ಎಲ್ಲವನ್ನೂ ಮರೆಮಾಡುತ್ತದೆ. ಅರ್ಥಶಾಸ್ತ್ರಜ್ಞರು ಕೊಳ್ಳುವ ಶಕ್ತಿಯ ಸಮಾನತೆ ಎನ್ನುವುದು, ಒಂದೇ ಬಗೆಯ ಸರಕು ಮತ್ತು ಸೇವೆಗಳ ಗಂಟನ್ನು ಎರಡು ದೇಶಗಳಲ್ಲಿ ಕೊಳ್ಳಲು ಎಷ್ಟೆಷ್ಟು ಹಣ ಬೇಕೆಂಬ ಹೋಲಿಕೆಯನ್ನು. ಆದರೆ ಮನೆಗೆಲಸದವರು, ಮಗುವನ್ನು ನೋಡಿಕೊಳ್ಳುವ ಅಜ್ಜಿ, ಕರೆದೊಡನೆ ಬರುವ ಪ್ಲಂಬರ್ ಇವರೆಲ್ಲ ಸೇರಿ ನಡೆಸುವ ಸಂಸಾರದ ಲೆಕ್ಕಕ್ಕೆ ಅದೂ ಸಾಲದು. ವಿನಿಮಯ ದರ ನಿಜವಾಗಿ ಲೆಕ್ಕಕ್ಕೆ ಬರುವುದು ಉಳಿತಾಯದಲ್ಲಿ ಮಾತ್ರ: ತಿಂಗಳ ಕೊನೆಗೆ ಉಳಿದ ಫ್ರಾಂಕ್‌ಗಳನ್ನು ಭಾರತಕ್ಕೆ ಕಳುಹಿಸುವವರಿಗೆ ಅದು ದೊಡ್ಡ ಲಾಭ, ಅಲ್ಲೇ ಖರ್ಚು ಮಾಡುವವರಿಗೆ ಅದು ಬರಿಯ ಸಂಖ್ಯೆ.

ಇಷ್ಟೆಲ್ಲ ಹೇಳಿದ್ದು ಕನಸನ್ನು ಸುಳ್ಳೆಂದು ಸಾರುವುದಕ್ಕಲ್ಲ. ರಜೆಯ ನಂತರದ ಮಂಕು ಮನೆಯ ಆಯವ್ಯಯದ ಬಗ್ಗೆ ಬೇರೆ ಯಾವ ಲೆಕ್ಕಪತ್ರವೂ ಕೊಡದ ಮಾಹಿತಿಯನ್ನು ಕೊಡುತ್ತದೆ, ಅಂದರೆ ಹಣ ಸಾಕಷ್ಟು ಖರ್ಚಾಗುತ್ತಿದ್ದರೂ ಯಾವುದು ಸಿಗುತ್ತಿಲ್ಲ ಎಂಬುದನ್ನು ಅದು ತೋರಿಸಿಕೊಡುತ್ತದೆ. ಲೇಖಕಿಯ ಕುಟುಂಬದಲ್ಲಿ ಒಬ್ಬೊಬ್ಬರೂ ಅಲ್ಲಿ ಇಷ್ಟವಾದದ್ದನ್ನು ಬರೆದಿಟ್ಟಾಗ ಬೆಟ್ಟ, ಹಿಮಗಳು ಹಿಂದೆ ಸರಿದು, ಎಲ್ಲರೂ ಒಟ್ಟಿಗೆ ಕುಳಿತ ರಾತ್ರಿಯೂಟ, ಕಾಲ್ನಡಿಗೆಯಲ್ಲಿ ಮುಗಿಯುತ್ತಿದ್ದ ಕೆಲಸಗಳು, ಸಮಯಕ್ಕೆ ಬರುವ ರೈಲು, ಮಕ್ಕಳು ತಾವಾಗಿಯೇ ರಸ್ತೆ ದಾಟುವ ಧೈರ್ಯ ಮುಂದೆ ಬಂದವು. ಇವುಗಳಲ್ಲಿ ಕೆಲವನ್ನು ಯಾವ ಕುಟುಂಬವೂ ತನ್ನ ಹಣದಿಂದ ಕೊಳ್ಳಲಾರದು. ಒಳ್ಳೆಯ ಪಾದಚಾರಿ ಮಾರ್ಗ ಮತ್ತು ಸುರಕ್ಷಿತ ರಸ್ತೆ ಸಾರ್ವಜನಿಕ ಸೊತ್ತುಗಳು, ತೆರಿಗೆ ಮತ್ತು ಆಡಳಿತದಿಂದ ಮಾತ್ರ ಬರುವಂಥವು, ಮತ್ತು ಬೆಂಗಳೂರು ತನ್ನ ನಿವಾಸಿಗಳಿಗೆ ಅವನ್ನು ಕೊಡದಿರುವುದು ಕ್ಷಮಿಸಬಹುದಾದ ಕೊರತೆಯಲ್ಲ. ಆದರೆ ಸಮಯವನ್ನು ಒಂದು ಮಟ್ಟಿಗೆ ಕೊಳ್ಳಬಹುದು. ಆ ಕುಟುಂಬ ಎರಡನೆಯ ಕಾರಿನ ಯೋಜನೆಯನ್ನು ಕೈಬಿಟ್ಟು, ಅದರ ಕಂತಿಗೆಂದು ಎಣಿಸಿದ್ದ ಹಣವನ್ನು ನಮ್ಮ ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಮನೆಯ ಹೆಚ್ಚುವರಿ ಬಾಡಿಗೆಗೆ ಬಳಸಿತು. ಸಂಬಳವಿಲ್ಲದ ರಜೆ ತೆಗೆದುಕೊಂಡಾಗ ಮನೆ ನಡೆಯುವಂತೆ ಲಿಕ್ವಿಡ್ ಫಂಡ್‌ನಲ್ಲಿ, ಅಂದರೆ 91 ದಿನಗಳೊಳಗೆ ಪಕ್ವವಾಗುವ ಸಾಲಪತ್ರಗಳಲ್ಲಿ ಹಣ ಹೂಡುವ ಮ್ಯೂಚುವಲ್ ಫಂಡ್‌ನಲ್ಲಿ, ಪ್ರತಿ ತಿಂಗಳೂ ಒಂದಿಷ್ಟನ್ನು ಬೇರೆಯಾಗಿ ಕೂಡಿಡತೊಡಗಿತು. ರಾತ್ರಿಯೂಟ ಮತ್ತೆ ಒಟ್ಟಿಗೆ ನಡೆಯತೊಡಗಿದ ಮೇಲೆ ವಲಸೆಯ ಮಾತು ಕಡಿಮೆಯಾಯಿತು, ಪೂರ್ಣವಾಗಿ ನಿಲ್ಲಲಿಲ್ಲ.

ಲೆಕ್ಕವನ್ನೆಲ್ಲ ನೋಡಿದ ಮೇಲೂ ಬಯಕೆ ಉಳಿಯುವ ಮನೆಗಳು ಖಂಡಿತ ಇವೆ, ಅವುಗಳ ನಿರ್ಧಾರಕ್ಕೆ ಗೌರವ ಸಲ್ಲಬೇಕು. ಅಂಥವರು ನಿವೇಶನ ಮಾರುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ತಂದೆತಾಯಿಯರು ಉದ್ಯೋಗದಾತರ ಸಾಮೂಹಿಕ ಆರೋಗ್ಯ ವಿಮೆಯ ಆಸರೆಯಲ್ಲಿದ್ದರೆ, ಕೆಲಸ ಬಿಟ್ಟೊಡನೆ ಆ ರಕ್ಷಣೆ ಕೊನೆಗೊಳ್ಳುತ್ತದೆ. ಅವರ ಹೆಸರಿನಲ್ಲಿ ಹೊಸದಾಗಿ ಪಾಲಿಸಿ ಮಾಡಿಸಿದರೆ, ಈಗಾಗಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ತೊಂದರೆಗಳಿಗೆ ಕಾಯುವ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ 48ರಿಂದ 36 ತಿಂಗಳಿಗೆ ಇಳಿಸಿದ್ದರೂ, ಆ ಮೂರು ವರ್ಷ ಆಸ್ಪತ್ರೆಯ ಬಿಲ್ಲು ಮನೆಯ ಮೇಲೆಯೇ ಬೀಳಬಹುದು. ಆದ್ದರಿಂದ ವೀಸಾ ಅರ್ಜಿ ತುಂಬುವುದಕ್ಕೆ ಎರಡು ಮೂರು ವರ್ಷ ಮೊದಲೇ, ಕನಸು ಇನ್ನೂ ಬರಿಯ ಮಾತಾಗಿರುವಾಗಲೇ, ತಂದೆತಾಯಿಯರ ಸ್ವತಂತ್ರ ಪಾಲಿಸಿಯ ಮೊದಲ ಕಂತನ್ನು ಕಟ್ಟಿಬಿಡಬೇಕು. ಯಾರೂ ಎಲ್ಲಿಗೂ ಹೋಗದೆ ಉಳಿದರೂ ಆ ಹಣ ವ್ಯರ್ಥವಾಗುವುದಿಲ್ಲ.